ಉರಾಳರ ಸ್ವರಪಟ್ಟಿ

ಎದುರುಮನೆಯ ಯಜಮಾನರು ತೀರಿಕೊಂಡ ಮಾರನೆಯ ದಿನ ಕಾರ್ಕಳದ ವಕೀಲ ಸದಾನಂದ ಉರಾಳರು ಆ ಮನೆಯ ಮಗನ ಪಕ್ಕದಲ್ಲಿ ಕುಳಿತು, ಹೆಗಲ ಮೇಲೆ ಕೈಯಿಟ್ಟು, "ಅಪ್ಪ ಹೋದ್ರು ಅಂತ ಎದೆ ಒಡ್ಕೊಳ್ಬೇಡ ಮಾರಾಯ, ನಾವೆಲ್ಲ ಇದ್ದೇವೆ" ಎಂದರು. ಆತ ಕಣ್ಣೊರೆಸಿಕೊಂಡ. ಇಂಥ ಹೊತ್ತಿನಲ್ಲಿ ಹೆಚ್ಚು ಮಾತಾಡಬಾರದೆಂದು ಬಲ್ಲ ಉರಾಳರು ಸುಮ್ಮನಾದರು. ಚಾವಡಿಯಲ್ಲಿದ್ದ ನಾಲ್ಕಾರು ಮಂದಿಯೂ ಸುಮ್ಮನಾದರು. ಆಗ ಉರಾಳರ ಕೊರಳಿನಿಂದ, ಉರಾಳರದೇ ಗಂಭೀರ ಧ್ವನಿಯಲ್ಲಿ ಮಾತು ಹೊರಟಿತು: "ಹೊಸ ಆವೃತ್ತಿ ಬಂದಿದೆ. ಮರುಪ್ರಾರಂಭಿಸಬೇಕು. ಈಗಲೇ, ಅಥವಾ ಆಮೇಲೆ?"

"ಆಮೇಲೆ" ಎಂದರು ಉರಾಳರು, ನೆಲ ನೋಡುತ್ತ.

ಯಾರೂ ನಗಲಿಲ್ಲ. ಮಗನಂತೂ ತಾನೇ ಉರಾಳರ ಬೆನ್ನು ಸವರಿ, "ಪರವಾಗಿಲ್ಲ ಮಾವ" ಎಂದ. ಸಮಾಧಾನ ಹೇಳಲು ಹೋದವರು ಸಮಾಧಾನ ಹೇಳಿಸಿಕೊಂಡು ಮನೆಗೆ ಬಂದರು.

ಗಂಟಲಿನ ಕ್ಯಾನ್ಸರ್ ಎಂದು ಉರಾಳರ ಧ್ವನಿಪೆಟ್ಟಿಗೆಯನ್ನು ವೈದ್ಯರು ತೆಗೆದುಹಾಕಿ ವರ್ಷವಾಗುತ್ತ ಬಂದಿತ್ತು. ಈಗ ಅವರು ಉಸಿರಾಡುವುದು ಕತ್ತಿನ ಬುಡದಲ್ಲಿರುವ ಒಂದು ಸಣ್ಣ ತೂತಿನಿಂದ. ಉಸಿರಿಗೂ ಮಾತಿಗೂ ಇದ್ದ ನಂಟು ಕಡಿದುಹೋಗಿತ್ತು. ಆದರೆ ಮಿದುಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು! ಅದು ಇಲ್ಲದ ಅಂಗಕ್ಕೆ ಇನ್ನೂ ಆಜ್ಞೆ ಕಳಿಸುತ್ತಲೇ ಇತ್ತು. ಆ ಆಜ್ಞೆಯನ್ನು ಕೊರಳಿನ ನರಗಳಲ್ಲಿ ಹಿಡಿದು, ತುಟಿ ನಾಲಿಗೆಗಳ ಚಲನೆಯನ್ನೂ ಸೇರಿಸಿ, ಆಡಬೇಕಾದ ಮಾತು ಯಾವುದೆಂದು ಊಹಿಸಿ ಆಡಿಬಿಡುವ ತೆಳ್ಳನೆಯ ಪಟ್ಟಿಯೇ ಸ್ವರಪಟ್ಟಿ. ಅರ್ಧ ಕೆಲಸ ಕೊರಳಿನಲ್ಲಿ, ಇನ್ನರ್ಧ ಮಂಗಳೂರಿನ ದೊಡ್ಡ ಕಂಪ್ಯೂಟರಿನಲ್ಲಿ. ನಡುವೆ ನೆಟ್‌ವರ್ಕ್ ಕಡಿದರೆ ತಗಡು ಬಡಿದಂಥ ಸದ್ದು ಮಾತ್ರ ಉಳಿಯುತ್ತಿತ್ತು.

ಧ್ವನಿ ಮಾತ್ರ ಪೂರ್ತಿ ಉರಾಳರದೇ. ಅವರ ಹಳೆಯ ಧ್ವನಿಮುದ್ರಣಗಳಿಗೆ ಕರಾವಳಿಯಲ್ಲಿ ಬರವಿರಲಿಲ್ಲ. ಕೋರ್ಟಿನಲ್ಲಿ ಅವರು ಒಳ್ಳೆಯ ವಕೀಲರು, ಅಷ್ಟೆ. ತಾಳಮದ್ದಳೆಯಲ್ಲಿ ಅವರು ಉರಾಳರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರುಬದುರು ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ಪಾತ್ರವೇ ತಾವಾಗಿ ವಾದಕ್ಕಿಳಿಯುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು, ಇಲ್ಲವಾದರೆ ಸಾವಿರ ಮಂದಿಯ ಎದುರು ಮುಖಭಂಗ. ಉರಾಳರ ಹೆಸರು ನಿಂತಿದ್ದು ಅವರ ಮಾತಿನಿಂದ ಎನ್ನುವುದಕ್ಕಿಂತ ಮಾತಿನ ನಡುವೆ ಅವರು ಬಿಡುತ್ತಿದ್ದ ಮೌನದಿಂದ. ವಾದವನ್ನು ಏರಿಸಿ ಏರಿಸಿ, ಇನ್ನೇನು ಕೊನೆಯ ಮಾತು ಬೀಳಬೇಕು ಅನ್ನುವಾಗ ತಟ್ಟನೆ ನಿಲ್ಲಿಸುತ್ತಿದ್ದರು. ಸಭೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಆಮೇಲೆ ಬೀಳುತ್ತಿದ್ದ ಮಾತಿಗೆ ತೂಕವೇ ಬೇರೆ.

ಹೆಂಡತಿ ಜಲಜಾಕ್ಷಿ ಮೊದಲ ದಿನ ಪಟ್ಟಿಯ ಧ್ವನಿ ಕೇಳಿ ಅತ್ತಿದ್ದರು. ಎರಡನೆಯ ದಿನವೇ, "ಸ್ವರ ಮದುವೆಯಾದ ಹೊಸತರದ್ದು ಬಂದುಂಟು, ಬುದ್ಧಿ ಮಾತ್ರ ಹಳೇದೇ" ಎಂದು ಛೇಡಿಸಿದ್ದರು.

ತೊಂದರೆಯೆಲ್ಲ ಆ ಮರುಪ್ರಾರಂಭದ್ದು. ಕಂಪ್ಯೂಟರಿಗಾದರೆ ಪರದೆ ಇದೆ, ಮೂಲೆಯಲ್ಲೊಂದು ಚೌಕ ಮೂಡಿ ಕೇಳುತ್ತದೆ. ಕೊರಳಿಗೆ ಪರದೆ ಎಲ್ಲಿ? ಅದು ಬಾಯಿಬಿಟ್ಟೇ ಕೇಳಬೇಕು, ಕೇಳುವುದಕ್ಕೆ ಅದಕ್ಕೆ ಇರುವ ಬಾಯಿ ಒಡೆಯನದೊಂದೇ. ಮೂರು ಸಲ 'ಆಮೇಲೆ' ಅನ್ನಬಹುದು. ಆಮೇಲೆ ಅದು ಕೇಳುವ ಗೋಜಿಗೇ ಹೋಗದೆ ತಾನಾಗಿ ಆರಿಹೋಗುತ್ತದೆ, ಒಂದು ಲೋಟ ಬಿಸಿ ಕಾಫಿ ಆರಿಸಿ ಕುಡಿಯುವಷ್ಟು ಹೊತ್ತು ಒಡೆಯ ಮೂಗ.

ಊರು ಇದಕ್ಕೂ ಹೊಂದಿಕೊಂಡಿತು. ಆ ಹೊತ್ತಿಗೆ ಜಿಲ್ಲೆಯಲ್ಲಿ ಸ್ವರಪಟ್ಟಿಯವರು ಬೇಕಾದಷ್ಟು ಮಂದಿ ಇದ್ದರು. ಹೆಬ್ರಿಯ ಪುರೋಹಿತರೊಬ್ಬರ ಪಟ್ಟಿ ಮಾಂಗಲ್ಯಧಾರಣೆಗೆ ಮುಂಚಿನ ಒಂದು ಕ್ಷಣದ ಮೌನದಲ್ಲಿ "ಈಗಲೇ, ಅಥವಾ ಆಮೇಲೆ?" ಎಂದು ಕೇಳಿದಾಗ ಮದುಮಗ ಗಾಬರಿಯಿಂದ "ಈಗಲೇ" ಅಂದನಂತೆ. ಕೋರ್ಟಿನಲ್ಲಿ ಉರಾಳರ ಪಟ್ಟಿ ಬಾಯಿ ಹಾಕಿದರೆ ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನಿಧಾನವಾಗಿ ಕಾಯುತ್ತಿದ್ದರು. ಎದುರು ಪಕ್ಷದ ವಕೀಲರೂ ಕಾಯುತ್ತಿದ್ದರು. ಮೀನಿನ ಮಾರ್ಕೆಟ್ಟಿನ ಹತ್ತಿರದ ರಿಕ್ಷಾದವರು ಅವರ ಪರವಾಗಿ ತಾವೇ "ಆಮೇಲೆ, ಆಮೇಲೆ" ಎಂದುಬಿಡುತ್ತಿದ್ದರು.

ಎಲ್ಲರೂ ಒಳ್ಳೆಯವರು. ಉರಾಳರಿಗೆ ಉರಿಯುತ್ತಿದ್ದುದು ಅದೇ. ಮೊದಲು ಅವರು ಬಾಯಿ ತೆರೆದರೆ ಎದುರಿನವನು ಸೆಟೆದು ಕೂರುತ್ತಿದ್ದ. ಈಗ ಎಲ್ಲರೂ ಕತ್ತು ಸ್ವಲ್ಪ ವಾಲಿಸಿ, ಮಗುವಿನ ಪದ್ಯ ಕೇಳುವವರ ಹಾಗೆ ಕೇಳುತ್ತಿದ್ದರು.

ಇನ್ನೊಂದು ಬದಲಾವಣೆಯನ್ನು ಹೇಳಿದವರು ಜಲಜಾಕ್ಷಿ. ಒಂದು ಬೆಳಿಗ್ಗೆ ಉರಾಳರು ದೋಸೆ ತಿನ್ನುತ್ತ ಯಾವುದೋ ಜಾಗದ ತಕರಾರಿನ ಕಥೆಯನ್ನು ಒಂದೇ ಬೀಸಿನಲ್ಲಿ ಹೇಳಿ ಮುಗಿಸಿದಾಗ ಆಕೆ ಕಾವಲಿಯ ಉರಿ ತಗ್ಗಿಸಿ ತಿರುಗಿದರು.

"ನೀವು ಹೀಗೆ ಮಾತಾಡ್ತಿರ್ಲಿಲ್ಲ."

"ಹೇಗೆ?"

"ಬಸ್ಸು ತಪ್ಪಿ ಹೋಗ್ತದೆ ಅನ್ನುವವರ ಹಾಗೆ. ಎಲ್ಲಿಯೂ ನಿಲ್ಲುದಿಲ್ಲ. ನಿಲ್ಲಿಸಿದ್ರೆ ಆ ಪಟ್ಟಿ ಬಾಯಿ ಹಾಕ್ತದೆ ಅಂತ ಹೆದರಿಕೆ ಅಲ್ವಾ ನಿಮಗೆ?"

ಆಕೆ ಹೇಳಿದ್ದು ನಿಜವಾಗಿತ್ತು. ಉಸಿರಿಗಾಗಿ ನಿಲ್ಲಬೇಕಾದ ಅಗತ್ಯ ಹೇಗೂ ಇಲ್ಲವಲ್ಲ, ತಮಗೇ ತಿಳಿಯದಂತೆ ಅವರು ಮೌನವನ್ನು ಬಿಟ್ಟುಕೊಟ್ಟಿದ್ದರು. ಆ ದಿನ ಊಟ ಸೇರಲಿಲ್ಲ.

ಇಂಥ ಸಮಯದಲ್ಲಿ ಭಾಗವತ ಕುಶಲ ಶೆಟ್ಟಿಗಾರರು ಮನೆಗೆ ಬಂದರು. ಉರಾಳರ ಜತೆ ನೂರಾರು ತಾಳಮದ್ದಳೆ ಕೂಟಗಳಲ್ಲಿ ಹಾಡಿದ ಮನುಷ್ಯ, ಸ್ವತಃ ಪ್ರಸಂಗದ ಪದ್ಯಗಳನ್ನು ಬರೆಯುವವರು. ಪುರಭವನದಲ್ಲಿ ವಾರ್ಷಿಕ ಕೂಟವಿತ್ತು, ಅವರದೇ ಹೊಸ ಪ್ರಸಂಗ 'ತಟಾಕ ಭಂಗ'. ಚಂಡಕೇತು ಎಂಬ ಅರಸ ಕೆಳಗಿನ ಶತ್ರುರಾಜ್ಯವನ್ನು ಮುಳುಗಿಸಲು ತನ್ನ ಕೆರೆಯ ಕಟ್ಟೆಯನ್ನೇ ಒಡೆಸಲು ಹೊರಡುತ್ತಾನೆ. ಬೇಡವೆಂದು ವಾದಿಸುವವನು ಮುದಿ ಮಂತ್ರಿ ಸುಬಂಧು. ಕೊನೆಗೆ ಕಟ್ಟೆ ಒಡೆಯುತ್ತದೆ, ಅರಸ ಗುಡ್ಡದ ಮೇಲೆ ಕುಳಿತು ನೋಡುತ್ತಾನೆ, ಮಂತ್ರಿ ಕಟ್ಟೆಯ ಮೇಲೆ ನಿಂತೇ ನೀರುಪಾಲಾಗುತ್ತಾನೆ.

"ಮಂತ್ರಿ ನೀವು," ಎಂದರು ಶೆಟ್ಟಿಗಾರರು. "ಅರಸ ಕಕ್ಕಿಲ್ಲಾಯರು."

ತಿರುಮಲೇಶ ಕಕ್ಕಿಲ್ಲಾಯರ ಹೆಸರು ಕೇಳಿ ಉರಾಳರ ಬೆನ್ನು ತಾನಾಗಿ ನೆಟ್ಟಗಾಯಿತು. ಇಪ್ಪತ್ತು ವರ್ಷಗಳ ಎದುರಾಳಿ. ಜಾರಿದ ಒಂದು ಮಾತು ಸಿಕ್ಕಿದರೆ ಸಾಕು, ಅದನ್ನು ಹಿಡಿದು ಎದುರಿನವನನ್ನು ಸಭೆಯ ತುಂಬ ಎಳೆದಾಡುವ ನಾಲಿಗೆ. ಅಂಗಳದಲ್ಲಿ ಕಂಡರೆ ನಾಲ್ಕು ಮಾತೂ ಆಡದ ಜನ, ವೇದಿಕೆಯಲ್ಲಿ ದಯೆ ಅನ್ನುವುದೇ ಇಲ್ಲ. ಆ ನಿರ್ದಯೆಯೇ ಉರಾಳರಿಗೆ ಬೇಕಾಗಿತ್ತು. ಲೋಕವೆಲ್ಲ ಕರುಣೆ ತೋರಿಸಿದರೂ ಕಕ್ಕಿಲ್ಲಾಯರು ಮೊದಲಿನ ಹಾಗೆಯೇ ಮೇಲೆ ಬಿದ್ದರೆ ತಾವು ಇನ್ನೂ ಅರ್ಥಧಾರಿ. ಅವರೂ ಕತ್ತು ವಾಲಿಸಿ ಕಾದರೆ ತಾವು ರೋಗಿ, ಮತ್ತೆ ಆ ಕುರ್ಚಿಯಲ್ಲಿ ಕೂರುವ ಮಾತಿಲ್ಲ. ಅಷ್ಟನ್ನು ಉರಾಳರು ಅಲ್ಲೇ ತೀರ್ಮಾನ ಮಾಡಿದರು.

"ಪಟ್ಟಿ ಕೈಕೊಟ್ರೆ ಕಣ್ಣಲ್ಲೊಂದು ಸನ್ನೆ ಮಾಡಿ ಉರಾಳ್ರೆ," ಎಂದರು ಶೆಟ್ಟಿಗಾರರು ಹೊರಡುವಾಗ. "ನಾನು ಪದ್ಯ ಎತ್ತಿ ಎಳೀತೇನೆ. ಅದು ಪುನಃ ಚಾಲೂ ಆಗುವವರೆಗೆ ಹಾಡಿದ್ರಾಯ್ತು."

"ನನಗೋಸ್ಕರ ಒಂದು ಸಾಲು ಹೆಚ್ಚು ಎಳೆದ್ರೂ ನಾನು ಎದ್ದು ಮನೆಗೆ ಹೋಗ್ತೇನೆ."

"ಹಾಗೆ ಹೇಳಿದ್ರೆ ಹೇಗೆ?"

"ಹಾಗೆಯೇ."

ಕೂಟಕ್ಕೆ ಮೊದಲು ಉರಾಳರು ಮಂಗಳೂರಿಗೆ ಹೋದರು. ಸ್ವರಪಟ್ಟಿಯ ಪ್ರಯೋಗಾಲಯದಲ್ಲಿ ಅವರ ಕೊರಳಿನ ಉಸ್ತುವಾರಿ ಡಾ. ಲವೀನಾ ಮೊಂತೇರೊ ಎಂಬ ಚುರುಕು ಹೆಂಗಸಿನದು. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಗೆರೆ. ಜಿಲ್ಲೆಯ ಒಂದೊಂದು ಕೊರಳಿಗೂ ಅಲ್ಲಿ ಒಂದೊಂದು ಗೆರೆಯಿತ್ತು.

"ಒಂದೇ ಒಂದು ಸಂಜೆ ಅದರ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದರು ಉರಾಳರು.

"ಆಗುದಿಲ್ಲ ಸರ್. ಅದು ಇಡೀ ದಿನ ನಿಮ್ಮ ನರವನ್ನು ಕಲೀತಾ ಇರ್ತದೆ. ಬೆವರಿದ್ರೆ ಒಂದು ರೀತಿ, ಸುಸ್ತಾದ್ರೆ ಒಂದು ರೀತಿ. ಕಲಿತದ್ದನ್ನು ಒಮ್ಮೆ ಜೋಡಿಸಿಟ್ಟು ಹೊಸತಾಗಿ ಶುರು ಮಾಡದಿದ್ರೆ ನಿನ್ನೆಯ ಪಾತ್ರೆ ತೊಳೆಯದೆ ಅದರಲ್ಲೇ ಅಡುಗೆ ಮಾಡಿದ ಹಾಗೆ. ಮೊದಮೊದಲು ಒಬ್ಬರದ್ದನ್ನು ಹಾಗೇ ಬಿಟ್ಟು ನೋಡಿದ್ವಿ. ಅವರು ಮನಸ್ಸಲ್ಲಿ ಅಂದ್ಕೊಂಡದ್ದನ್ನೆಲ್ಲ ಪಟ್ಟಿ ಜೋರಾಗಿ ಹೇಳ್ಲಿಕ್ಕೆ ಶುರು ಮಾಡ್ತು. ಮನೆಯಲ್ಲಿ ದೊಡ್ಡ ಗಲಾಟೆ."

ಆ ಅಪಾಯ ಉರಾಳರಿಗೆ ತಕ್ಷಣ ಅರ್ಥವಾಯಿತು. "ಸರಿ, ಕೇಳ್ಲಿ. ಆದ್ರೆ ನಾನು ಮಾತು ನಿಲ್ಲಿಸಿದಾಗಲೇ ಯಾಕೆ?"

"ಮತ್ತೆ ಮಾತಾಡುವಾಗ ಕೇಳಿದ್ರೆ ಅಧಿಕಪ್ರಸಂಗ ಆಗುದಿಲ್ವಾ ಸರ್? ನೀವೂ ಸುಮ್ಮನಿರ್ಬೇಕು, ಸುತ್ತ ಬೇರೆಯವರ ಮಾತೂ ಕೇಳ್ಬಾರ್ದು. ಆಗ ಕೆಲಸ ಮುಗಿದಿದೆ ಅಂತ ಅದರ ಲೆಕ್ಕ. ಇದು ಅದರ ಮರ್ಯಾದೆ ಅಂತ ನಾವು ಹೆಮ್ಮೆ ಪಟ್ಟಿದ್ವಿ."

ಉರಾಳರಿಗೆ ನಗು ತಡೆಯಲಾಗಲಿಲ್ಲ. ತಾವು ಮಾತು ನಿಲ್ಲಿಸಿ ಸಭೆಯನ್ನು ಉಸಿರುಗಟ್ಟಿಸಿದಷ್ಟೂ ಈ ಯಂತ್ರಕ್ಕೆ ಇದು ಒಳ್ಳೆಯ ಬಿಡುವು ಅನ್ನಿಸುತ್ತಿತ್ತಲ್ಲ! ಸಭೆ ಎಷ್ಟು ಮೈಮರೆತರೆ ಅಷ್ಟು ಖಂಡಿತವಾಗಿ ಅದು ಬಾಯಿ ಹಾಕುತ್ತಿತ್ತು.

ಅವರ ಹಳೆಯ ಧ್ವನಿಮುದ್ರಣಗಳನ್ನು ಕೇಳಿದ್ದ ಲವೀನಾಗೆ ಅದನ್ನು ವಿವರಿಸಬೇಕಾಗಲಿಲ್ಲ. "ಒಮ್ಮೆ ಹಾಗೆ ಮಾತಾಡಿ ತೋರಿಸಿ ಸರ್, ಆ ನಿಲ್ಲಿಸುದನ್ನೂ ಸೇರಿಸಿ" ಎಂದು ಪರದೆಯ ಹತ್ತಿರ ಕುಳಿತಳು. ಉರಾಳರು ಮಂತ್ರಿ ಸುಬಂಧುವಿನ ಎರಡು ಮಾತು ಆಡಿ ಗಕ್ಕನೆ ನಿಲ್ಲಿಸಿದರು. ಧ್ವನಿಯ ಗೆರೆ ಸಪಾಟಾಯಿತು. ಅದರ ಕೆಳಗಿನ ನರದ ಗೆರೆ ಮಾತ್ರ ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದುಕೊಂಡು ನಡುಗುತ್ತಲೇ ಇತ್ತು.

"ನೀವು ಸುಮ್ಮನೆ ಇಲ್ಲವೇ ಇಲ್ಲ ಸರ್," ಎಂದಳು ಆಕೆ ಮೆಲ್ಲನೆ. "ಮಾತು ಮುಗಿಸಿ ಸುಮ್ಮನಾಗುದು ಬೇರೆ, ಇದು ಬೇರೆ. ಇಷ್ಟು ದಿನ ನಾವು ಈ ಕೆಳಗಿನ ಗೆರೆ ನೋಡ್ಲೇ ಇಲ್ಲ. ಇದನ್ನು ಅದಕ್ಕೆ ಕಲಿಸ್ಬಹುದು."

"ಕೂಟದ ದಿನಕ್ಕೆ?"

"ಇಲ್ಲ ಸರ್. ಪರೀಕ್ಷೆ, ಒಪ್ಪಿಗೆ ಅಂತ ತಿಂಗಳುಗಟ್ಟಲೆ ಆಗ್ತದೆ. ನಿಮ್ಮ ಕೊರಳಿನ ವಿಷಯ, ಅವಸರ ಮಾಡ್ಲಿಕ್ಕೆ ನಾನು ಬಿಡುದಿಲ್ಲ. ಅಲ್ಲಿಯವರೆಗೆ ಒಂದು ಉಪಾಯ ಉಂಟು. ಪಟ್ಟಿಯ ಎಡಬದಿಯಲ್ಲಿ ಎರಡು ಬೆರಳಿಟ್ಟು ಒತ್ತಿದ್ರೆ ಕೇಳದೆಯೇ ಮರುಪ್ರಾರಂಭ ಆಗ್ತದೆ. ಮುಗಿದ ಕೂಡ್ಲೆ ಚರ್ಮಕ್ಕೆ ಸಣ್ಣದಾಗಿ ತಟ್ತದೆ, ನಿಮಗೆ ಮಾತ್ರ ಗೊತ್ತಾಗ್ತದೆ."

ಅಷ್ಟರಲ್ಲಿ ಆಕೆಯ ಕಂಪ್ಯೂಟರಿನ ಮೂಲೆಯಲ್ಲಿ ಚೌಕವೊಂದು ಮೂಡಿ ಗೆರೆಗಳನ್ನೆಲ್ಲ ಮುಚ್ಚಿತು. ಮರುಪ್ರಾರಂಭಿಸಬೇಕಂತೆ. ಲವೀನಾ ಅದರ ಕಡೆ ನೋಡದೆ 'ಆಮೇಲೆ' ಒತ್ತಿದಳು. ಒತ್ತಿದ ಮೇಲೆ ಉರಾಳರ ಮುಖ ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೂಟದ ದಿನ ಮಧ್ಯಾಹ್ನ ಊಟವಾದ ಮೇಲೆ ಉರಾಳರು ಮನೆಯಲ್ಲೇ ಪಟ್ಟಿಯನ್ನು ಒತ್ತಿ ಮರುಪ್ರಾರಂಭಿಸಿದರು. ಇನ್ನು ಕೂಟ ಮುಗಿಯುವವರೆಗೆ ಅದಕ್ಕೆ ಕೇಳಲು ಏನೂ ಇಲ್ಲ ಎಂಬ ಧೈರ್ಯ. ಜಲಜಾಕ್ಷಿ ಶಾಲಿನ ಮಡಿಕೆ ಸರಿಮಾಡಿ, "ಬೇಗ ಮಾತಾಡ್ಬೇಡಿ" ಎಂದಷ್ಟೇ ಹೇಳಿದರು.

ಪುರಭವನ ತುಂಬಿತ್ತು. ಹಿಂದಿನ ಸಾಲಿನಲ್ಲಿ ಲವೀನಾ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು, ಮುಂದಿನ ಸಾಲಿನಲ್ಲಿ ಜಲಜಾಕ್ಷಿ. ಶೆಟ್ಟಿಗಾರರ ಜಾಗಟೆಯ ಮೊದಲ ಪೆಟ್ಟು ಬಿದ್ದಾಗ, ಅದರ ಹಿಂದೆ ಮದ್ದಳೆ ಗುಡುಗಿದಾಗ ಉರಾಳರ ಎದೆ ಹಿಗ್ಗಿತು. ಈ ಸದ್ದು ಕೇಳದೆ ಇಷ್ಟು ದಿನ ಬದುಕಿದ್ದೆನಲ್ಲ ಎಂದು ತಾವೇ ಆಶ್ಚರ್ಯಪಟ್ಟರು.

ಕಕ್ಕಿಲ್ಲಾಯರ ಪೀಠಿಕೆ ಎಂದಿನಂತೆ ಭರ್ಜರಿಯಾಗಿತ್ತು. "ಕಟ್ಟೆ ನನ್ನದು, ಕೆರೆ ನನ್ನದು, ಕೆರೆಗೆ ಬೀಳುವ ಮಳೆಯೂ ನನ್ನ ಆಕಾಶದ್ದು. ನನ್ನ ಸೊತ್ತನ್ನು ನಾನು ಒಡೆದರೆ ಕೇಳುವವರು ಯಾರು?" ಎಂದು ಗದರಿದರು. ಉರಾಳರು ಉತ್ತರಕ್ಕೆ ತೊಡಗಿದರು. ನಾಲ್ಕು ವಾಕ್ಯದಲ್ಲಿ ಸಭೆ ಅವರ ಕೈಗೆ ಬಂತು. ಹಳೆಯ ಅಭ್ಯಾಸ ಮೈಮೇಲೆ ಬಂದಂತೆ ಅವರು ಮಾತನ್ನು ಏರಿಸಿ, "ಅರಸನೇ, ಮಳೆ ನಿನ್ನ ಆಕಾಶದ್ದು ಎಂದೆ. ಹಾಗಾದರೆ..." ಎಂದು ನಿಲ್ಲಿಸಿದರು.

ಸಭೆ ಸ್ತಬ್ಧವಾಯಿತು.

"ತುರ್ತು ಸುರಕ್ಷಾ ಆವೃತ್ತಿ ಬಂದಿದೆ," ಎಂದಿತು ಮಂತ್ರಿ ಸುಬಂಧುವಿನ ಕೊರಳು. "ಮರುಪ್ರಾರಂಭಿಸಬೇಕು. ಈಗಲೇ, ಅಥವಾ ಆಮೇಲೆ?"

ಮಧ್ಯಾಹ್ನ ಇಲ್ಲದ ಆವೃತ್ತಿ ಸಂಜೆ ಎಲ್ಲಿಂದಲೋ ಬಂದಿತ್ತು. ಹಿಂದಿನ ಸಾಲಿನಲ್ಲಿ ಲವೀನಾ ಹಣೆ ಒತ್ತಿಕೊಂಡಳು. ಸಭೆಯಲ್ಲಿ ಯಾರೋ ಕಿಸಕ್ಕೆಂದರು, ಉಳಿದವರು ಅವರನ್ನು ಸುಮ್ಮನಿರಿಸಿದರು. ಉರಾಳರು "ಆಮೇಲೆ" ಎಂದು ಎದುರಿನ ಕುರ್ಚಿಯ ಕಡೆ ನೋಡಿದರು. ಕಕ್ಕಿಲ್ಲಾಯರು ತಮ್ಮ ಶಾಲಿನ ಅಂಚು ನೋಡುತ್ತ ಕುಳಿತಿದ್ದರು. ಹಿಂದಿನ ಕಕ್ಕಿಲ್ಲಾಯರಾದರೆ ಆ ಎಡವಟ್ಟನ್ನು ಹಿಡಿದು ಮಂತ್ರಿಯನ್ನು ಅಲ್ಲೇ ಅರೆದು ಹಾಕುತ್ತಿದ್ದರು. ಈಗ ಕಾಯುತ್ತಿದ್ದರು.

ಎರಡನೆಯ ಸಲ ಹಾಗೆಯೇ ಆಯಿತು. ಮೂರನೆಯ ಸಲ "ಆಮೇಲೆ" ಅಂದಾಗ ಪಟ್ಟಿ ಹೇಳಿತು: "ಇದು ಕೊನೆಯ ಮುಂದೂಡಿಕೆ. ಮತ್ತೆ ಕೇಳಲಾಗುವುದಿಲ್ಲ." ಅಂದರೆ ಇನ್ನು ಸಭೆ ಒಮ್ಮೆ ಮೌನವಾದರೆ ಉರಾಳರ ಧ್ವನಿ ಆರಿಹೋಗುತ್ತದೆ. ಶೆಟ್ಟಿಗಾರರು ಜಾಗಟೆಯ ಮೇಲೆ ಕೈಯಿಟ್ಟು ಅವರನ್ನೇ ನೋಡಿದರು, ಒಂದು ಸನ್ನೆ ಸಾಕು ಎಂಬಂತೆ. ಉರಾಳರು ತಲೆಯಾಡಿಸಲಿಲ್ಲ.

ಕಕ್ಕಿಲ್ಲಾಯರ ಸರದಿಯಲ್ಲಿ ಕದ್ದು ಒತ್ತಿಬಿಡಬಹುದಿತ್ತು. ಆದರೆ ಕಕ್ಕಿಲ್ಲಾಯರು ಎರಡೇ ಮಾತಿನಲ್ಲಿ ಒಂದು ಪ್ರಶ್ನೆ ಎಸೆದು ಕುಳಿತರೆ? ಎದುರಾಳಿ ಎಷ್ಟು ಹೊತ್ತು ಮಾತಾಡುತ್ತಾನೆ ಎಂಬುದು ಅರ್ಥಧಾರಿಯ ಕೈಯಲ್ಲಿಲ್ಲ. ಅದನ್ನು ಯೋಚಿಸುತ್ತಿದ್ದಂತೆಯೇ ಉರಾಳರೊಳಗಿನ ವಕೀಲ ಎಚ್ಚೆತ್ತ. ಕೈಯಲ್ಲಿಲ್ಲ, ಸರಿ. ಆದರೆ ಕೈಗೆ ತಂದುಕೊಳ್ಳಬಹುದಲ್ಲ! ಕೇಳಿದ ಪ್ರಶ್ನೆಗೆ ಉತ್ತರ ಹೇಳಲೇಬೇಕು ಎಂಬ ಕಟ್ಟು ಕಕ್ಕಿಲ್ಲಾಯರಿಗೂ ಇದೆ. ಅವರ ಹತ್ತಿರ ಉತ್ತರವಿಲ್ಲದಂಥ ಪ್ರಶ್ನೆ ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಮಾತಾಡಬೇಕಾದವರು ಅವರು. ಇಷ್ಟು ದಿನ ಈ ಪಟ್ಟಿ ತಮ್ಮ ಮೌನವನ್ನು ಕಿತ್ತುಕೊಳ್ಳುತ್ತಿತ್ತು. ಇವತ್ತು ಅದಕ್ಕೆ ಬೇಕಾದ ಮೌನವನ್ನು ತಾವೇ ಕೊಟ್ಟರಾಯಿತು, ತಮಗೆ ಬೇಕಾದ ಜಾಗದಲ್ಲಿ.

ಅವರು ಎಲ್ಲೂ ನಿಲ್ಲದೆ ಆ ಪ್ರಶ್ನೆಯ ಕಡೆಗೆ ನಡೆದರು. "ಕಟ್ಟೆ ನಿನ್ನದು, ಒಪ್ಪಿದೆ. ಒಡೆಯುವ ಹಕ್ಕು ನಿನ್ನದು, ಅದನ್ನೂ ಒಪ್ಪಿದೆ. ಆದರೆ ಕಟ್ಟೆ ತಾನಾಗಿ ಒಡೆಯುವುದಿಲ್ಲ ಅರಸನೇ, ಗುದ್ದಲಿ ಹಿಡಿದ ಮನುಷ್ಯನೊಬ್ಬ ಬೇಕು. ಆ ಮನುಷ್ಯ ನಿಲ್ಲುವುದು ಎಲ್ಲಿ? ಕಟ್ಟೆಯ ಮೇಲೆ. ನೀರು ನುಗ್ಗಿದಾಗ ಮೊದಲು ಕೊಚ್ಚಿಹೋಗುವವನು ನಿನ್ನ ಶತ್ರುವಲ್ಲ, ನಿನ್ನ ಮಾತು ನಂಬಿ ಗುದ್ದಲಿ ಎತ್ತಿದವನು. ಆ ಮೊದಲ ಗುದ್ದಲಿಯನ್ನು ಯಾರ ಕೈಗೆ ಕೊಡುತ್ತೀ? ನಿನ್ನ ರಾಜ್ಯದಲ್ಲಿ ಅಷ್ಟು ಅಗ್ಗದವನು ಯಾರು? ಒಂದು ಹೆಸರು ಹೇಳು. ಆ ಹೆಸರು ನಿನ್ನ ಬಾಯಿಂದ ಬರುವವರೆಗೆ ಈ ಮಂತ್ರಿ ಬಾಯಿ ತೆರೆಯುವುದಿಲ್ಲ."

ಹೀಗೆಂದು ಉರಾಳರು ಶಾಲು ಸರಿಪಡಿಸಿಕೊಂಡರು. ಸರಿಪಡಿಸಿಕೊಳ್ಳುವಾಗ ಎರಡು ಬೆರಳು ಪಟ್ಟಿಯ ಎಡಬದಿಯನ್ನು ಒತ್ತಿದವು. ಮುಂದಿನ ಸಾಲಿನಲ್ಲಿದ್ದ ಜಲಜಾಕ್ಷಿಗೆ ಮಾತ್ರ ಅದು ಕಂಡಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಭೆ ನಿಶ್ಶಬ್ದವಾಯಿತು. ಈ ಸಲ ಯಾರ ಕೊರಳೂ ಏನೂ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಉರಾಳರು ತಮ್ಮ ಮೌನದಲ್ಲಿ ತಾವೇ ಕುಳಿತಿದ್ದರು. ಧ್ವನಿಯಿಲ್ಲದ ಮನುಷ್ಯ, ಒಂದು ಅಕ್ಷರ ಆಡಲು ಶಕ್ತಿಯಿಲ್ಲ. ಆದರೂ ತಾವು ಇಷ್ಟು ಎತ್ತರದಲ್ಲಿ ಎಂದೂ ಕುಳಿತಿರಲಿಲ್ಲ ಎಂದು ಅವರಿಗೆ ಅನ್ನಿಸಿತು.

ಕಕ್ಕಿಲ್ಲಾಯರು ನಕ್ಕರು. "ಹೆಸರೇ? ಸೆರೆಮನೆಯಲ್ಲಿ ಮರಣದಂಡನೆಗೆ ಕಾದಿರುವವನ ಕೈಗೆ ಕೊಡುತ್ತೇನೆ" ಎಂದರು. ಮಂತ್ರಿಯ ಹುಬ್ಬು ಸ್ವಲ್ಪ ಮೇಲೇರಿತು. ಅಷ್ಟಕ್ಕೇ ಅರಸ ತಡವರಿಸಿದ. ಸಾಯುವವನಿಗೆ ರಾಜ್ಯದ ಕಟ್ಟೆಯನ್ನು ಒಪ್ಪಿಸಿದರೆ ಅವನು ಗುದ್ದಲಿಯನ್ನು ಯಾರ ಮೇಲೆ ಎತ್ತುತ್ತಾನೆ ಎಂಬುದು ಕಕ್ಕಿಲ್ಲಾಯರಿಗೇ ಹೊಳೆದಿತ್ತು. ಆನೆಗಳನ್ನು ತಂದರು, ಆನೆಯ ಮೇಲೆ ಮಾವುತನಿದ್ದಾನೆ ಎಂದು ನೆನಪಾಗಿ ಆನೆಗಳನ್ನು ಹಿಂದಕ್ಕೆ ಕಳಿಸಿದರು. ದೂರದಿಂದ ಕವಣೆಯಂತ್ರದಲ್ಲಿ ಕಲ್ಲು ಎಸೆಯಲು ಹೋದರು, ಮಣ್ಣಿನ ಕಟ್ಟೆ ಕಲ್ಲನ್ನು ನುಂಗುತ್ತದೆ ಎಂದು ತಾವೇ ಒಪ್ಪಿಕೊಂಡರು. "ನಾನೇ ಹಿಡಿಯುತ್ತೇನೆ" ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದದ್ದು ಉರಾಳರಿಗೆ ಕಂಡಿತು. ಆದರೆ ಅರ್ಥಧಾರಿ ಪದ್ಯ ಬಿಟ್ಟು ಹೋಗುವಂತಿಲ್ಲ. ಮುಂದಿನ ಪದ್ಯದಲ್ಲಿ ಅರಸ ಗುಡ್ಡದ ಮೇಲೆ ಕುಳಿತಿರುತ್ತಾನೆ. ಅದನ್ನು ಲೆಕ್ಕ ಹಾಕಿಯೇ ಉರಾಳರು ಪ್ರಶ್ನೆ ಕೇಳಿದ್ದು.

ಕಕ್ಕಿಲ್ಲಾಯರು ಬೆವರೊರೆಸಿಕೊಂಡು ಶೆಟ್ಟಿಗಾರರ ಕಡೆ ತಿರುಗಿದರು, ಪದ್ಯ ಎತ್ತಿ ಬಿಡಿಸಲಿ ಎಂದು. ಶೆಟ್ಟಿಗಾರರು ಜಾಗಟೆಯನ್ನು ತೊಡೆಯ ಮೇಲಿಟ್ಟು, ಮಾಡಿನ ಫ್ಯಾನು ನೋಡುತ್ತಿದ್ದರು. ಉರಾಳರಿಗಾಗಿ ಪದ್ಯ ಎಳೆಯಬಾರದೆಂದು ಅವರಿಗೆ ತಾಕೀತಾಗಿತ್ತಲ್ಲ, ಕಕ್ಕಿಲ್ಲಾಯರಿಗೂ ಅದೇ ನ್ಯಾಯ. ಅರಸ ಮತ್ತೆ ಮಾತಿಗಿಳಿದ. ಧರ್ಮ ಹೇಳಿದ, ದಂಡನೀತಿ ಹೇಳಿದ, ಕೋಪ ಮಾಡಿದ. ಪ್ರತಿ ದಾರಿಯ ಕೊನೆಯಲ್ಲೂ ಆ ಮುದಿ ಮಂತ್ರಿ ಕಣ್ಣು ಮಿಟುಕಿಸದೆ ಕುಳಿತಿದ್ದ.

ಕೊನೆಗೆ ಕಕ್ಕಿಲ್ಲಾಯರ ಧ್ವನಿ ಇಳಿಯಿತು. "ಹೆಸರಿಲ್ಲ, ಮಂತ್ರಿ. ನನ್ನ ರಾಜ್ಯದಲ್ಲಿ ಅಷ್ಟು ಅಗ್ಗದವನು ಒಬ್ಬನೂ ಇಲ್ಲ. ಆದರೂ ಕಟ್ಟೆ ಒಡೆಯಲೇಬೇಕು. ಇದು ಅರಸನ ಮಾತು. ನ್ಯಾಯದ ಮಾತೆಂದು ನಾನು ಹೇಳಲಾರೆ."

ಉರಾಳರು ಕಾದರು. ಪಟ್ಟಿ ಇನ್ನೂ ಎದ್ದಿರಲಿಲ್ಲ. ಸಭೆ ಈಗ ಅವರನ್ನೇ ನೋಡುತ್ತಿತ್ತು. ಹಿಂದಿನ ಸಾಲಿನಲ್ಲಿ ಲವೀನಾ ಲ್ಯಾಪ್‌ಟಾಪ್ ಬಿಟ್ಟು ಎದ್ದು ನಿಂತಿದ್ದಳು. ಆಗ ಪಟ್ಟಿ ಚರ್ಮವನ್ನು ಒಮ್ಮೆ ಮೆಲ್ಲಗೆ ತಟ್ಟಿತು.

ಉರಾಳರು ಅವಸರ ಮಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು, ತಮಗೆ ಬೇಕಾದಷ್ಟು ಹೊತ್ತು, ಸುಮ್ಮನಿದ್ದರು. ಆಮೇಲೆ ಬಲಗೈಯನ್ನು ಮುಂದೆ ಚಾಚಿದರು.

"ಹಾಗಾದರೆ ಆ ಹೆಸರು ನನ್ನದು. ಕೊಡು ಗುದ್ದಲಿ."

ಮಂತ್ರಿ ಕಟ್ಟೆಯ ಮೇಲೆ ಯಾಕೆ ನಿಂತಿದ್ದ ಎಂದು ಬರೆದ ಶೆಟ್ಟಿಗಾರರಿಗೂ ಅದುವರೆಗೆ ಗೊತ್ತಿರಲಿಲ್ಲ. ಅವರು ಪದ್ಯ ಎತ್ತಿದರು. ಜಾಗಟೆಯ ಸದ್ದು ಚಪ್ಪಾಳೆಯಲ್ಲಿ ಕೇಳಿಸಲಿಲ್ಲ. ಜಲಜಾಕ್ಷಿ ಚಪ್ಪಾಳೆ ತಟ್ಟಲಿಲ್ಲ. ಇಡೀ ಸಭೆ ತಟ್ಟುವುದನ್ನು ತಿರುಗಿ ತಿರುಗಿ ನೋಡುತ್ತಿದ್ದರು.

ಕೂಟ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಲವೀನಾ ಓಡಿಬಂದಳು. "ಆ ಮೌನದ ನರದ ಗೆರೆ ನನಗೆ ಬೇಕಿತ್ತು ಸರ್, ಅದೇ ಹೊತ್ತಿಗೆ ಪಟ್ಟಿ ಆರಿತ್ತು. ಒಂದು ಚೂರೂ ದಾಖಲಾಗ್ಲಿಲ್ಲ" ಎಂದು ಪೇಚಾಡಿದಳು. ಮುಂದೆ ಆಕೆ ಬೇರೆ ಮೌನಗಳಿಂದಲೇ ಪಟ್ಟಿಗೆ ಪಾಠ ಕಲಿಸಿದಳು, ಜಿಲ್ಲೆಯ ಪಟ್ಟಿಗಳೆಲ್ಲ ಒಡೆಯ ನಿಜವಾಗಿ ಬಿಡುವಾಗುವವರೆಗೆ ಕಾಯುವುದನ್ನು ಕಲಿತವು, ಹೆಬ್ರಿಯ ಪುರೋಹಿತರು ನೆಮ್ಮದಿಯಿಂದ ಮಾಂಗಲ್ಯ ಕಟ್ಟಿಸಿದರು. ಆ ದಿನ ಮಾತ್ರ ಉರಾಳರ ಕಿವಿಗೆ ಅದೊಂದೂ ಬೀಳುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಕಕ್ಕಿಲ್ಲಾಯರು ಅಷ್ಟು ಹೊತ್ತು ಮಾತಾಡಿದ್ದು ಉತ್ತರ ಇಲ್ಲದೆಯೋ, ತಮ್ಮ ಮೇಲಿನ ಕರುಣೆಯಿಂದಲೋ? ಕರುಣೆಯಿಂದ ಎಂದಾದರೆ ಈ ಚಪ್ಪಾಳೆಗೆಲ್ಲ ಅರ್ಥವಿಲ್ಲ.

ಕಕ್ಕಿಲ್ಲಾಯರು ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಉರಾಳರು ಹತ್ತಿರ ಹೋಗಿ ಕುಳಿತರು.

"ಪಟ್ಟಿ ಆರಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ಕೊನೆಯ ಮುಂದೂಡಿಕೆ ಅಂತ ಅದೇ ಹೇಳ್ತಲ್ಲ. ನೀವು ಶಾಲು ಸರಿ ಮಾಡಿದ್ದೂ ಕಂಡಿತು. ಮೊದಲ ಸಲ ಕೇಳಿದಾಗ ಸುಮ್ಮನೆ ಕೂತೆ, ಅದು ನಿಮ್ಮ ಮಾತಲ್ಲ, ಯಂತ್ರದ್ದು. ಯಂತ್ರದ ಜತೆ ನಾನು ಅರ್ಥ ಹೇಳುದಿಲ್ಲ."

"ಮತ್ತೆ ಯಾಕೆ ಅಷ್ಟು ಹೊತ್ತು ಮಾತಾಡಿದ್ರಿ? ಒಂದೇ ಮಾತಲ್ಲಿ ಉತ್ತರ ಮುಗಿಸಿ ಕೂತಿದ್ರೆ ನಾನು ಸಭೆಯಲ್ಲಿ ಬಾಯಿ ಬಾಯಿ ಬಿಡ್ತಿದ್ದೆ."

ಕಕ್ಕಿಲ್ಲಾಯರು ಲೋಟ ಕೆಳಗಿಟ್ಟು, ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ವೇದಿಕೆಯ ಹೊರಗೆ ಉರಾಳರ ಮುಖವನ್ನು ನೇರವಾಗಿ ನೋಡಿದರು. ಆ ಮುಖದಲ್ಲಿ ಇನ್ನೂ ಸಿಟ್ಟು ಆರಿರಲಿಲ್ಲ.

"ಅದಕ್ಕೇ ಅಲ್ವಾ ಮಾರಾಯ್ರೆ ನಾನು ಒದ್ದಾಡಿದ್ದು? ನಿಮ್ಮ ಪಟ್ಟಿ ಏಳುದರೊಳಗೆ ಮುಗಿಸಿ ನಿಮ್ಮನ್ನು ಹಿಡೀಬೇಕು ಅಂತ ಸೆರೆಯಾಳು, ಆನೆ, ಕಲ್ಲು, ಕಂಡದ್ದನ್ನೆಲ್ಲ ಎಳೆದು ತಂದೆ. ಮುಗಿಸ್ಲಿಕ್ಕೆ ಒಂದು ಉತ್ತರ ಬೇಕಲ್ಲ. ಇರ್ಲಿಲ್ಲ."

ಉರಾಳರು ಜಲಜಾಕ್ಷಿಯನ್ನು ಕರೆದು, ಶಾಲನ್ನು ಮಡಚಿ ಚೀಲಕ್ಕೆ ಹಾಕಲು ಕೊಟ್ಟರು. ಮುಂದಿನ ಕೂಟ ಯಾವತ್ತು ಎಂದು ಶೆಟ್ಟಿಗಾರರನ್ನು ಕೇಳಿದರು.